ಹುಣಸೆಮರದ ಸ್ಟಾಪಿನಲ್ಲಿ ನಿಲ್ಲದ ಬಸ್ಸು

ನಮ್ಮ ಹೊನ್ನಾಳಿಯಲ್ಲಿ ಈಚೆಗೆ ಇಬ್ಬರು ಯುವಕರು ಮನೆ ದಲ್ಲಾಳಿ ಕೆಲಸಕ್ಕೆ ಇಳಿದಿದ್ದಾರೆ. ಮನೆಯ ಮುಂದೆ ನಿಂತು ಫೋನಿನಲ್ಲಿ ಪಟ ತೆಗೆಯುತ್ತಾರೆ, ಅಲ್ಲೇ ಕೊಳ್ಳುವವರಿಗೆ ಕಳಿಸುತ್ತಾರೆ, ಸಂಜೆಯೊಳಗೆ ಮಾತು ಮುಗಿದಿರುತ್ತದೆ. ಒಂದು ದಿನ ನನ್ನನ್ನು ಕಂಡು, “ಹಾಲಣ್ಣಾರೆ, ನಿಮ್ಮ ಕಾಲದಾಗೆ ಇದನ್ನೆಲ್ಲ ಹೆಂಗೆ ಮಾಡ್ತಿದ್ರಿ?” ಎಂದು ಕೇಳಿದರು. “ಹೇಳ್ತೀನಿ, ಕೂತ್ಕೊಳ್ರಪ್ಪ” ಎಂದೆ. ಕೂರಲಿಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಪುರುಸೊತ್ತಾದಾಗ ಓದಿಕೊಳ್ಳಲಿ.

ನಾನು ಹುಟ್ಟಾ ದಲ್ಲಾಳಿಯಲ್ಲ. ಮೊದಲು ಆರು ವರ್ಷ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದೆ. ಆ ಕೆಲಸ ಹೋದದ್ದು ನನ್ನ ಬಾಯಿಂದಲೇ. ಒಂದು ದಿನ ಬಸ್ಸಿನ ಮಾಲೀಕರಾದ ಸಾಹುಕಾರರ ಭಾವಮೈದ ಹತ್ತಿದ. ನಾನು ಟಿಕೆಟ್ ಕೇಳಿದೆ. “ನಾನು ಯಾರು ಗೊತ್ತೇನು?” ಎಂದ. “ಗೊತ್ತಿಲ್ಲ, ಹೋಗೋದು ಎಲ್ಲಿಗೆ ಅಂತ ಹೇಳಿದ್ರೆ ಸಾಕು” ಎಂದೆ. ಸಂಜೆ ಚರ್ಮದ ಚೀಲ ಸಾಹುಕಾರರ ಮೇಜಿನ ಮೇಲಿಟ್ಟು ಮನೆಗೆ ನಡೆದೆ. ಮಾಡಿದ್ದು ತಪ್ಪು ಎಂದು ನನಗೆ ಈವತ್ತಿಗೂ ಅನ್ನಿಸಿಲ್ಲ.

ಆಮೇಲೆ ನನ್ನನ್ನು ಕೈಹಿಡಿದವರು ಗದಿಗೆಪ್ಪನವರು. ಹೊನ್ನಾಳಿ ಸುತ್ತಮುತ್ತ ಮನೆ, ಸೈಟು ಕೊಡಿಸುವುದರಲ್ಲಿ ಪಳಗಿದ ಮುದುಕ. ಮನೆ ನೋಡಲು ಹೋದರೆ ಒಳಗೆ ಕಾಲಿಡುವ ಮೊದಲು ಬಾವಿಯ ನೀರು ಸೇದಿಸಿ ಕುಡಿಯುವರು. ಆಮೇಲೆ ಪಕ್ಕದ ಮನೆಯ ಹೆಣ್ಣುಮಗಳನ್ನು ಮಾತಾಡಿಸುವರು. ನೀರೂ ನೆರೆಯೂ ಸರಿಯಿದ್ದರೆ ಮಾತ್ರ ಹೊಸ್ತಿಲು ದಾಟುವರು. ಕಂಡಕ್ಟರ್ ಬುದ್ಧಿ ಬಿಡದ ನಾನು, “ಬಸ್ಸು ಎಷ್ಟೊತ್ತಿಗೆ ಬರ್ತೈತೆ, ಸೀಟು ಸಿಗ್ತೈತೋ ಇಲ್ಲೋ ಅಂತಾನೂ ನೋಡಬೇಕಲ್ರೀ” ಎಂದರೆ, ಅವರು ಎಲೆಯಡಿಕೆ ತುಂಬಿದ ಬಾಯಲ್ಲೇ ನಗುತ್ತಿದ್ದರು. “ಯಾಕೋ ಹಾಲಪ್ಪ, ಮನೆ ಏನು ಬಸ್ಸು ಹತ್ತಿ ಹೋಗ್ತೈತೇನೋ?”

ಮನೆ ಹೋಗುವುದಿಲ್ಲ, ಮನೆಯವರು ಹೋಗುತ್ತಾರೆ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಹೊತ್ತಿಗೆ ಊರಿನಲ್ಲಿ ಸಂಬಳದ ಜನ ಹೆಚ್ಚಾಗಿದ್ದರು. ಮೇಷ್ಟ್ರು, ಗುಮಾಸ್ತರು, ನರ್ಸಮ್ಮನವರು, ದಾವಣಗೆರೆಯ ಮಿಲ್ಲಿಗೆ ಹೋಗುವವರು. ಇರುವುದು ಒಂದೂರು, ದುಡಿಯುವುದು ಇನ್ನೊಂದೂರು. ಅವರಿಗೆ ಬಾವಿಯ ನೀರಿನಷ್ಟೇ ಬೆಳಗಿನ ಬಸ್ಸೂ ಮುಖ್ಯ. ಇದನ್ನು ನಾನು ಕಲಿತದ್ದು ಎರಡು ಪೆಟ್ಟು ತಿಂದ ಮೇಲೆ.

ಮೊದಲನೆಯದು ಚನ್ನಗಿರಿಯಲ್ಲಿ. ಕೆರೆಬಿಳಚಿಯ ಬಸವರಾಜಪ್ಪ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಚನ್ನಗಿರಿಯಿಂದ ಬರುವ ಬಸ್ಸು ಕೆರೆಬಿಳಚಿ ಮುಟ್ಟುವ ಹೊತ್ತಿಗೆ ತುಂಬಿ ತುಳುಕುತ್ತಿತ್ತು. ವಾರಕ್ಕೆ ಎರಡು ದಿನವಾದರೂ ಅವರಿಗೆ ತಪ್ಪುತ್ತಿತ್ತು. “ಬಸ್ಸು ಹೊರಡೋ ಜಾಗದಾಗೇ ಒಂದು ಮನೆ ಕೊಡಿಸಿಬಿಡಪ್ಪ” ಎಂದು ದುಂಬಾಲು ಬಿದ್ದರು. ನಾನು ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರಿಗೇ ಒಂದು ಮನೆ ಕೊಡಿಸಿದೆ. ಹೊಸ್ತಿಲಿಂದ ಬಸ್ಸಿಗೆ ಹತ್ತು ಹೆಜ್ಜೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ತಿಂಗಳಾದ ಮೇಲೆ ಹೋದರೆ ಅವರ ಜಗಲಿಯ ಮೇಲೆ ಆರೇಳು ಜನ, ನಾಲ್ಕು ಗಂಟು, ಎರಡು ಕೋಳಿ. ಒಳಗಿಂದ ಅವರ ಹೆಂಡತಿ ಗಂಗಮ್ಮ ಚಹಾದ ಲೋಟ ಹಿಡಿದುಕೊಂಡೇ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. “ಬರ್ರಿ, ನೀವೊಬ್ರು ಬಾಕಿ ಇದ್ರಿ. ಕೆರೆಬಿಳಚಿಯಾಗೆ ನಮಗೆ ಇಷ್ಟು ಜನ ನೆಂಟರು ಅದಾರೆ ಅಂತ ಈ ಮನೆಗೆ ಬಂದ್ಮೇಲೇ ಗೊತ್ತಾಗಿದ್ದು. ಬಸ್ಸು ತಪ್ಪಿದೋರೆಲ್ಲ ಇಲ್ಲಿಗೇ ಬರ್ತಾರೆ.” ಬೆಳಗಿನ ಐದಕ್ಕೇ ಬಸ್ಸಿಗೆ ಜನ ಹತ್ತಿಸುವ ಏಜೆಂಟ್ ‘ದಾವಣಗೆರೆ, ದಾವಣಗೆರೆ’ ಎಂದು ಕಿವಿಯೊಳಗೇ ಕೂಗಿದಂತೆ ಕೂಗುತ್ತಿದ್ದ. ಬಂದವರನ್ನು ಮಾತಾಡಿಸಿ, ಕೂರಿಸಿ, ಕಳಿಸುವಷ್ಟರಲ್ಲಿ ಬಸವರಾಜಪ್ಪನವರಿಗೆ ಬಸ್ಸು ಮೊದಲಿಗಿಂತ ಹೆಚ್ಚು ತಪ್ಪುತ್ತಿತ್ತು, ಅದೂ ಕಣ್ಣೆದುರಿಗೇ. ಎರಡು ಬೀದಿ ಹಿಂದಕ್ಕೆ ಬೇರೆ ಮನೆ ಹುಡುಕಿಕೊಟ್ಟೆ. ಅಂದಿನಿಂದ ನನ್ನದೊಂದು ಅಳತೆ: ಮನೆಗೆ ಬಸ್ಸಿನ ಹಾರ್ನು ಕೇಳಿಸಬೇಕು, ಏಜೆಂಟನ ಕೂಗು ಕೇಳಿಸಬಾರದು.

ಎರಡನೆಯದು ಜಗಳೂರಿನಲ್ಲಿ. ಒಬ್ಬರು ಪೋಸ್ಟ್ ಮಾಸ್ತರರಿಗೆ, “ದಾವಣಗೆರೆ ಬಸ್ಸು ಈ ಮೂಲೆಗೇ ಬಂದು ತಿರುಗ್ತೈತೆ” ಎಂದು ತೋರಿಸಿ ಮನೆ ಕೊಡಿಸಿದ್ದೆ. ಮಾತು ನಿಜವೇ. ಆದರೆ ಎರಡು ತಿಂಗಳಿಗೆ ಊರಿನ ಆಚೆ ತುದಿಯಲ್ಲಿ ಒಂದು ಹೊಸ ಚಹಾದಂಗಡಿ ಶುರುವಾಯಿತು. ಅಲ್ಲಿ ಮೆಣಸಿನಕಾಯಿ ಬಜ್ಜಿ ಬಿಸಿಬಿಸಿ ಸಿಗುತ್ತಿತ್ತು. ಡ್ರೈವರ್ ಬಸ್ಸನ್ನು ಅಲ್ಲೇ ತಿರುಗಿಸತೊಡಗಿದ. ಮಾಸ್ತರರು ನನಗೆ ಒಂದು ಕಾರ್ಡು ಬರೆದರು. “ಬಸ್ಸು ಬಜ್ಜಿಯ ಕಡೆ ಹೋಯಿತು, ನಾವು ಇಲ್ಲೇ ಇದ್ದೇವೆ” ಎಂದು ಎರಡೇ ಸಾಲು. ನಕ್ಕು ನಕ್ಕು ಸಾಕಾಯಿತು. ಆದರೂ ಡ್ರೈವರನ ಹೊಟ್ಟೆ ಎಲ್ಲಿರುತ್ತದೋ ಬಸ್ಸು ಅಲ್ಲಿರುತ್ತದೆ ಎಂಬುದನ್ನು ಮಾತ್ರ ಮರೆಯಲಿಲ್ಲ. ಅದು ಮುಂದೆ ಉಪಯೋಗಕ್ಕೆ ಬಂತು.

ಇವೆರಡು ಆದ ಮೇಲೆ ನಾನೊಂದು ಪದ್ಧತಿ ಇಟ್ಟುಕೊಂಡೆ. ಸಂಬಳದವರು ಯಾರೇ ಮನೆ ಕೊಳ್ಳಲಿ, ಮುಂಗಡ ಕೊಡುವ ಮುಂಚೆ ಅವರನ್ನು ಮೂರು ಬೆಳಿಗ್ಗೆ ಆ ಮನೆಯ ಹತ್ತಿರದ ಸ್ಟಾಪಿನಲ್ಲಿ ಊಟದ ಡಬ್ಬಿ ಸಮೇತ ನಿಲ್ಲಿಸುವುದು. ಬರೀ ಕೈಯಲ್ಲಿ ನಿಂತರೆ ಲೆಕ್ಕಕ್ಕಿಲ್ಲ. ಡಬ್ಬಿ ಹಿಡಿದು ಬಸ್ಸು ಹತ್ತುವುದೇ ಬೇರೆ. ಮೂರು ದಿನವೂ ಹತ್ತಿ, ಹೋಗಿ, ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಮಾತ್ರ ಮುಂದಿನ ಮಾತು. ಜನ ನನ್ನನ್ನು ‘ಬಸ್ ಹಾಲಪ್ಪ’ ಎಂದು ಕರೆಯತೊಡಗಿದರು. ನನಗೂ ಸ್ವಲ್ಪ ಕೋಡು ಮೂಡಿತು. ಕೋಡು ಮೂಡಿದ ಮೇಲೆ ಎಲ್ಲಾದರೂ ಹೋಗಿ ಗುದ್ದಿಕೊಳ್ಳಲೇಬೇಕಲ್ಲ.

ಒಂದು ದಸರಾ ರಜೆಯಲ್ಲಿ ಗಂಡ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು. ಗಂಡ ತಿಪ್ಪೇಸ್ವಾಮಿ, ಜಗಳೂರಿನ ಕಡೆಯವರು, ದಾವಣಗೆರೆಯ ಮಿಲ್ಲೊಂದರಲ್ಲಿ ಗುಮಾಸ್ತ. ಮಾತು ಬಲು ಕಡಿಮೆ. ಹೆಂಡತಿ ಸಾವಿತ್ರಮ್ಮ, ನ್ಯಾಮತಿಯ ಶಾಲೆಯಲ್ಲಿ ಮೇಡಂ. ಮಾತೆಲ್ಲ ಅವರದೇ. ಜಗಲಿಯ ಮೇಲೆ ಕೂತವರೇ ನೇರವಾಗಿ ಹೇಳಿದರು.

“ಹಾಲಪ್ಪಾರೆ, ಮದುವಿಯಾಗಿ ಆರು ವರ್ಷ ಆತು. ಇವರು ದಾವಣಗೆರೆಯಾಗೆ ಒಂದು ರೂಮು, ನಾನು ನ್ಯಾಮತಿಯಾಗೆ ಒಂದು ರೂಮು. ಶನಿವಾರ ಅರ್ಧ ದಿನ ಸ್ಕೂಲು ಮುಗಿಸಿ ಜಗಳೂರಿಗೆ ಹೋದ್ರೆ ಭಾನುವಾರ ಒಂದಿನ ಒಬ್ರ ಮುಖ ಒಬ್ರು ನೋಡ್ತೀವಿ. ಇಬ್ರಿಗೂ ವರ್ಗ ಆಗೋ ಹಂಗಿಲ್ಲ. ಹೊನ್ನಾಳಿ ನಡುವೆ ಐತೆ. ಮನೆ ಹೆಂಗಾರ ಇರ್ಲಿ, ಗೋಡೆ ಬಿರುಕು ಬಿಟ್ಟಿದ್ರೂ ನಡೀತೈತೆ. ಬೆಳಗ್ಗೆ ಇಬ್ರೂ ಹೋಗಬೇಕು, ಸಂಜೆ ಇಬ್ರೂ ಬರಬೇಕು, ಕೂತು ಉಣ್ಣಬೇಕು. ಅಷ್ಟೇ.”

ತಿಪ್ಪೇಸ್ವಾಮಿ ತಲೆಯಾಡಿಸಿದರು. ಇಂಥ ಗಿರಾಕಿಗಳು ಸಿಕ್ಕರೆ ಬಿಡುತ್ತೇನೆಯೇ? ಇದು ನನಗೆಂದೇ ಬಂದ ಕೇಸು.

ಊರಿನಿಂದ ನ್ಯಾಮತಿಗೆ ಹೋಗುವ ರಸ್ತೆಯಲ್ಲಿ, ಸ್ಟ್ಯಾಂಡಿನಿಂದ ಒಂದು ಮೈಲಿ ಆಚೆಗೆ, ಹೊಸ ಬಡಾವಣೆ ಏಳುತ್ತಿತ್ತು. ಸಂಬಳದ ಜನರೆಲ್ಲ ಅಲ್ಲೇ ಸೈಟು ಹಿಡಿಯುತ್ತಿದ್ದರು. ಬಡಾವಣೆಯ ಬಾಯಲ್ಲೊಂದು ಹುಣಸೆಮರ, ಅದೇ ಬಸ್ಸಿನ ಸ್ಟಾಪು. ಅಲ್ಲಿ ಎರಡು ಕೋಣೆಯ ಒಂದು ಹೆಂಚಿನ ಮನೆ ಮಾರಾಟಕ್ಕಿತ್ತು. ತಿಪ್ಪೇಸ್ವಾಮಿಯವರದು ಸುಲಭ. ಮುಂಜಾನೆ ಸ್ಟ್ಯಾಂಡಿಗೆ ನಡೆದು ದಾವಣಗೆರೆಯ ಮೊದಲ ಬಸ್ಸು ಹಿಡಿದರೆ ಆಯಿತು, ಸಂಜೆ ಆರೂವರೆಗೆ ವಾಪಸ್ಸು. ಸಾವಿತ್ರಮ್ಮನವರಿಗೆ ಎಂಟೂಮುಕ್ಕಾಲಿನ ಬಸ್ಸು. ನ್ಯಾಮತಿ, ಸವಳಂಗದ ಮೇಲೆ ಶಿವಮೊಗ್ಗಕ್ಕೆ ಹೋಗುವಂಥದು. ಅದು ನನ್ನನ್ನು ಕೆಲಸದಿಂದ ಬಿಡಿಸಿದ ಸಾಹುಕಾರರದೇ ಬಸ್ಸು. ಇರಲಿ, ಬಸ್ಸಿನ ಮೇಲೇನು ಸಿಟ್ಟು?

ಪದ್ಧತಿಯಂತೆ ಮೂರು ಬೆಳಿಗ್ಗೆ ಸಾವಿತ್ರಮ್ಮನವರನ್ನು ಡಬ್ಬಿ ಸಮೇತ ಹುಣಸೆಮರದ ಕೆಳಗೆ ನಿಲ್ಲಿಸಿದೆ. ಮೂರು ದಿನವೂ ಬಸ್ಸು ಗಡಿಯಾರದಂತೆ ಬಂತು, ಮದುವೆಯ ದಿಬ್ಬಣದ ಬಸ್ಸಿನ ಹಾಗೆ ಮೆಲ್ಲಗೆ ನಿಂತಿತು. ಕಂಡಕ್ಟರ್ ದೇವೇಂದ್ರ ಕೈ ಹಿಡಿಯುವುದೊಂದು ಬಾಕಿ, “ಬರ್ರಿ ಅಕ್ಕಾರೆ, ಎಲ್ಲಿ ಬೇಕಾದ್ರೂ ಕೂತ್ಕೊಳ್ರಿ” ಎಂದ. ಒಳಗೆ ಹತ್ತು ಜನವೂ ಇರಲಿಲ್ಲ. ಮುಕ್ಕಾಲು ಗಂಟೆಯೊಳಗೆ ನ್ಯಾಮತಿ. ಮನೆ ಖರೀದಿಯಾಯಿತು.

ಕ್ರಯಪತ್ರವಾದ ದಿನ ಗದಿಗೆಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ ಒಂದು ಮಾತು ಕೇಳಿದರು. “ಸ್ಕೂಲಿಗೆ ರಜೆ ಐತಲ್ಲೋ ಹಾಲಪ್ಪ?”

“ರಜೆ ಐತೆ ಅಂತಾನೇ ಅವರು ಮನೆ ನೋಡಾಕೆ ಬಂದಿರೋದು” ಎಂದೆ. ಮುದುಕರಿಗೆ ವಯಸ್ಸಾಯಿತು ಎಂದುಕೊಂಡೆ. ಅವರು ಎಲೆ ಮಡಿಚಿ ಬಾಯಿಗಿಟ್ಟುಕೊಂಡರು.

ಸಾವಿತ್ರಮ್ಮ ಎಲ್ಲದರಲ್ಲೂ ಚುರುಕು. ಒಂದು ಟ್ರಂಕು, ಒಂದು ಹಾಸಿಗೆ ಮಾತ್ರ ಹೊಸ ಮನೆಗೆ ತಂದರು. ಒಲೆ, ಪಾತ್ರೆಪಡಗವನ್ನು ನ್ಯಾಮತಿಯ ರೂಮಿನಲ್ಲೇ ಬಿಟ್ಟಿದ್ದರು. “ತಿಂಗಳ ಬಾಡಿಗೆ ಕೊಟ್ಟೀನಿ. ಬಸ್ಸು ಗಟ್ಟಿ ಅಂತ ಗೊತ್ತಾದ ದಿನ ಅವನ್ನ ತರ್ತೀನಿ” ಎಂದರು. ಅಲ್ಲಿಯವರೆಗೆ ಅವರು ನ್ಯಾಮತಿಯಲ್ಲಿ ಉಂಡು ಬರುವುದು, ಇವರು ದಾವಣಗೆರೆಯ ಖಾನಾವಳಿಯಲ್ಲಿ ಉಂಡು ಬರುವುದು. ‘ಬಸ್ ಹಾಲಪ್ಪ’ನ ಮಾತಿಗೂ ಇಷ್ಟು ಅನುಮಾನವೇ ಎಂದು ನನಗೆ ಒಳಗೊಳಗೇ ಮುನಿಸು.

ಶಾಲೆ ಶುರುವಾದ ದಿನ ನಾನು ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ಎಂಟೂಮುಕ್ಕಾಲಿನ ಬಸ್ಸು ಬಂದು ನಿಂತದ್ದೇ ತಡ, ಎಲ್ಲಿದ್ದರೋ ಏನೋ, ಶಿವಮೊಗ್ಗದ ಕಾಲೇಜಿಗೆ ಹೋಗುವ ಹುಡುಗರು ಜೇನುಹುಳುವಿನ ಹಾಗೆ ಮುತ್ತಿದರು. ಕಿಟಕಿಗಳಿಂದ ಟವೆಲ್ಲು, ಪುಸ್ತಕ, ಕರ್ಚೀಫು ಒಳಗೆ ಹಾರಿದವು. ನಮ್ಮ ಕಡೆ ಸೀಟಿನ ಮೇಲೆ ಟವೆಲ್ ಬಿದ್ದರೆ ಅದು ಅವರದಾದ ಹಾಗೆ. ಎಂಥ ಜಗಳಗಂಟನೂ ಅದನ್ನು ಎತ್ತಿ ಕೂರುವುದಿಲ್ಲ. ಎರಡು ನಿಮಿಷದಲ್ಲಿ ಸೀಟು ಮುಗಿದವು, ನಿಲ್ಲುವ ಜಾಗ ಮುಗಿಯಿತು, ಹಿಂದಿನ ಏಣಿಯ ಮೇಲೂ ಮೂವರು. ಚಹಾದ ಲೋಟ ಕೆಳಗಿಟ್ಟೆ. ರಜೆಯಲ್ಲಿ ಮೇಡಂಗೆ ಬಿಡುವಿದ್ದ ಹಾಗೆ ಈ ಹುಡುಗರಿಗೂ ಬಿಡುವಿತ್ತು! ಆರು ವರ್ಷ ಇದೇ ಹುಡುಗರ ಕೈಲಿ ಟಿಕೆಟಿಗೆ ಒದ್ದಾಡಿದ ಕಂಡಕ್ಟರ್ ನಾನು. ಶಾಲೆಯ ಮೇಡಂಗೆ ಶಾಲೆಯ ರಜೆಯಲ್ಲಿ ಬಸ್ಸು ತೋರಿಸಿ ಮನೆ ಕೊಡಿಸಿದ್ದೆ.

ಸೈಕಲ್ ತುಳಿದುಕೊಂಡು ಹುಣಸೆಮರದ ಹತ್ತಿರ ಹೋಗುವಷ್ಟರಲ್ಲಿ ಬಸ್ಸು ಅಲ್ಲಿ ನಿಲ್ಲದೆ ಹೋಗಿಯಾಗಿತ್ತು. ಸಾವಿತ್ರಮ್ಮ ಸೆರಗಿನ ಧೂಳು ಕೊಡವುತ್ತ ನಿಂತಿದ್ದರು.

“ಹಾಲಪ್ಪಾರೆ, ರಜೆಯಾಗೆ ಬಂದಿದ್ದ ಬಸ್ಸು ಇದೇನಾ?”

ತಪ್ಪಾಯಿತು ಎಂದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಬೈಯಲಿಲ್ಲ.

ಆ ದಿನ ಮುಂದಿನ ಬಸ್ಸಿಗೆ ಹೋಗಿ ತಡವಾಯಿತು. ಮಾರನೆಯ ದಿನ ಒಂದು ಮೈಲಿ ನಡೆದು ಸ್ಟ್ಯಾಂಡಿಗೇ ಬಂದರು. ಪ್ರತಿ ಸೀಟಿನ ಮೇಲೂ ಟವೆಲ್ಲು. ಬಾಗಿಲ ಹತ್ತಿರವೂ ಹೋಗಲಾಗಲಿಲ್ಲ. ಮೂರನೆಯ ದಿನವೂ ಅದೇ ಕತೆ. ಮೂರು ದಿನ ತಡವಾದರೆ ಒಂದು ರಜೆ ಹೋಗುತ್ತದೆ. ಅದಕ್ಕಿಂತ ಹೆಡ್ ಮಾಸ್ತರರ ಮಾತು ಅವರಿಗೆ ನಾಟಿತ್ತು. “ಅಲ್ರೀ ಮೇಡಂ, ನ್ಯಾಮತಿಯಾಗೇ ಚೆಂದಾಗಿ ರೂಮು ಇತ್ತಲ್ಲ ನಿಮ್ದು” ಎಂದರಂತೆ.

ನಾಲ್ಕನೆಯ ದಿನ ಸಂಜೆ ಅವರ ಮನೆಗೆ ಹೋದೆ. ಟ್ರಂಕು ನಡುಮನೆಯಲ್ಲಿ ಬಾಯಿ ತೆರೆದುಕೊಂಡಿತ್ತು. ಸಾವಿತ್ರಮ್ಮ ಸೀರೆ ಮಡಿಚಿ ಇಡುತ್ತಿದ್ದರು. ತಿಪ್ಪೇಸ್ವಾಮಿ ಹೊಸ್ತಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದರು.

“ನಿಮ್ದೇನೂ ತಪ್ಪಿಲ್ರಿ. ವಾರದ ದಿನ ಅಲ್ಲೇ ಇರ್ತೀನಿ. ಭಾನುವಾರ ಇಲ್ಲಿಗೆ ಬರ್ತೀನಿ” ಎಂದರು ಸಾವಿತ್ರಮ್ಮ. “ಮೊದಲು ಜಗಳೂರು, ಈಗ ಹೊನ್ನಾಳಿ. ಅಷ್ಟೇ ವ್ಯತ್ಯಾಸ.”

ಆರು ವರ್ಷ ಕೂಡಿಟ್ಟು ಕೊಂಡ ಮನೆ ಭಾನುವಾರದ ಮನೆಯಾಗುವುದೆಂದರೆ! ನನಗೆ ನಾಚಿಕೆಯಲ್ಲಿ ಕಿವಿ ಬಿಸಿಯಾಯಿತು. “ಅಮ್ಮಾರೆ, ನನಗೆ ಎಂಟು ದಿನ ಟೈಮು ಕೊಡ್ರಿ. ಅಲ್ಲೀವರೆಗೂ ನಿಮ್ಮ ಸೀಟಿನ ಜವಾಬ್ದಾರಿ ನಂದು” ಎಂದುಬಿಟ್ಟೆ. ಹೇಗೆ ಎಂದು ಅವರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಲಗಿ ಎದ್ದ ಮೇಲೆ ಹೊಳೆಯಿತು. ಎಂಟು ಗಂಟೆಗೇ ಹೋಗಿ ಸ್ಟ್ಯಾಂಡಿನಲ್ಲಿ ನಿಂತೆ. ಬಸ್ಸು ಬರುತ್ತಲೇ ಹುಡುಗರಿಗಿಂತ ಮೊದಲು ನನ್ನ ಹಸಿರು ಟವೆಲ್ ಮುಂದಿನ ಕಿಟಕಿಯಿಂದ ಒಳಗೆ ಹೋಯಿತು. ಕಂಡಕ್ಟರಿಕೆ ಮಾಡಿದ ಕೈ, ಗುರಿ ತಪ್ಪುವುದುಂಟೆ? ಸೀಟಿನಲ್ಲಿ ಕೂತು ಹುಣಸೆಮರಕ್ಕೆ ಟಿಕೆಟ್ ತೆಗೆದುಕೊಂಡೆ. ಹತ್ತುವವರಿಗೆ ನಿಲ್ಲಿಸದಿದ್ದರೂ ಇಳಿಯುವವರಿಗೆ ಬಸ್ಸು ನಿಲ್ಲಿಸಲೇಬೇಕು. ಮರ ಬರುತ್ತಲೇ “ಹೋಲ್ಡಾನ್!” ಎಂದೆ. ನಾನು ಎದ್ದೆ, ಸಾವಿತ್ರಮ್ಮ ಹತ್ತಿದರು, ಸೀಟು ತೋರಿಸಿ ಇಳಿದೆ. ದೇವೇಂದ್ರ ಬಾಯಿ ತೆರೆದುಕೊಂಡು ನೋಡಿದ.

ಇದು ದಿನಾ ನಡೆಯಿತು. ಮೂರನೆಯ ದಿನಕ್ಕೆ ಇಡೀ ಬಸ್ಸಿಗೆ ನಾನು ತಮಾಷೆಯ ವಸ್ತುವಾದೆ. “ಎಲ್ಲಿಗೆ ಹಾಲಣ್ಣ, ದೂರದ ಪ್ರಯಾಣನಾ?” ಎಂದು ಹುಡುಗರು ಕೇಳುವರು. “ಹುಣಸೆಮರಕ್ಕೆ” ಎಂದರೆ ಬಸ್ಸೆಲ್ಲ ಹೋ ಎನ್ನುವುದು. ನನ್ನ ಹೆಂಡತಿ ಗೌರಮ್ಮನಿಗೂ ಸುದ್ದಿ ಮುಟ್ಟಿತು. “ಮದುವಿಯಾದಾಗಿನಿಂದ ನನಗೆ ಒಂದು ದಿನ ಬಸ್ಸಿನಾಗೆ ಸೀಟು ಹಿಡಿದು ಕೊಟ್ಟಿಲ್ಲ. ಊರ ಮೇಡಂಗೆ ದಿನಾ ಹಿಡೀತೀರಿ!” ಎಂದಳು. ಹಾಗೆಂದವಳೇ ಬೆಳಿಗ್ಗೆ ಏಳಕ್ಕೇ ರೊಟ್ಟಿ ಬಡಿದು ಕೊಡತೊಡಗಿದಳು, ಟವೆಲ್ಲಿಗೆ ಹೊತ್ತಾಗಬಾರದೆಂದು. ನಿಜ ಹೇಳಬೇಕೆಂದರೆ ಆ ಎಂಟು ದಿನ ನಾನು ಪಟ್ಟಷ್ಟು ಖುಷಿ ಮನೆ ಮಾರಿದಾಗಲೂ ಪಟ್ಟಿಲ್ಲ. ಸಾವಿತ್ರಮ್ಮನವರಿಗೆ ಒಂದು ದಿನವೂ ತಡವಾಗಲಿಲ್ಲ.

ಆದರೆ ಜೀವಮಾನವಿಡೀ ಟವೆಲ್ ಎಸೆಯಲು ಆಗುತ್ತದೆಯೇ? ಎಂಟನೆಯ ದಿನ ಅದನ್ನೇ ಯೋಚಿಸುತ್ತ ಕೂತಿದ್ದೆ. ಬಸ್ಸಿನ ಡ್ರೈವರ್ ಇಮಾಮ್ ಸಾಬ್ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. ನನ್ನ ಕಂಡಕ್ಟರಿಕೆಯ ಕಾಲದಿಂದಲೂ ಗೊತ್ತಿರುವ ಮನುಷ್ಯ.

“ಏನೋ ಹಾಲಣ್ಣ, ಮೇಡಂಗೆ ಇಷ್ಟು ಮಾಡ್ತೀಯ. ನಂಗೊಂದು ಬಾಡಿಗೆ ಮನೆ ನೋಡು ಅಂತ ವರ್ಷದಿಂದ ಹೇಳ್ತಾನೇ ಇದ್ದೀನಿ, ನಿನ್ನ ಕಿವಿಗೇ ಬಿದ್ದಿಲ್ಲ. ಹೆಂಡ್ತಿ ಮಕ್ಳು ಸವಳಂಗದಾಗೆ ಅದಾರೆ. ನಾನು ರಾತ್ರಿ ಬಸ್ಸು ಸ್ಟ್ಯಾಂಡಿನ ಹಿಂದಿನ ಮೂಲೆಯಾಗೆ ಬಿಟ್ಟು ಹೋಟೆಲ್ ಜಗಲಿ ಮೇಲೆ ಬಿದ್ಕೋತೀನಿ. ಬಸ್ಸು ಸವಳಂಗದಾಗೆ ಎರಡು ನಿಮಿಷ ನಿಲ್ತೈತಲ್ಲ, ಆಗ ಕಿಟಕಿಯಾಗೇ ಅವರನ್ನ ನೋಡೋದು. ಡಬ್ಬಿ ಒಳಗೆ ಕೊಡ್ತಾಳೆ, ಖಾಲಿ ಡಬ್ಬಿ ಈಸ್ಕೋತಾಳೆ. ಇದೇ ನನ್ನ ಸಂಸಾರ.”

ನಾನು ಥಟ್ಟನೆ ನೆಟ್ಟಗೆ ಕೂತೆ. ಜಗಳೂರಿನ ಬಜ್ಜಿ ಅಂಗಡಿ ಕಣ್ಣ ಮುಂದೆ ಬಂತು. ಡ್ರೈವರನ ಹೊಟ್ಟೆ ಎಲ್ಲಿರುತ್ತದೋ ಬಸ್ಸು ಅಲ್ಲಿರುತ್ತದೆ! ಇಮಾಮ್ ಸಾಬರ ಮನೆ ಹುಣಸೆಮರದ ಹತ್ತಿರ ಆದರೆ, ಬಸ್ಸು ರಾತ್ರಿ ನಿಲ್ಲುವುದು ಹುಣಸೆಮರದ ಕೆಳಗೆ. ಬೆಳಿಗ್ಗೆ ಸ್ಟ್ಯಾಂಡಿಗೆ ಹೊರಡುವಾಗ ಖಾಲಿ. ಸಾವಿತ್ರಮ್ಮ ಮನೆ ಬಾಗಿಲಲ್ಲೇ ಹತ್ತಿ ಕೂತರೆ, ಸ್ಟ್ಯಾಂಡಿಗೆ ಹೋಗಿ ತಿರುಗಿಕೊಂಡು ನ್ಯಾಮತಿಗೆ. ಕಾಲೇಜಿನ ಹುಡುಗರ ಟವೆಲ್ಲು ಒಳಗೆ ಬರುವಷ್ಟರಲ್ಲಿ ಮೇಡಂ ಸೀಟಿನಲ್ಲಿರುತ್ತಾರೆ.

ಸಾವಿತ್ರಮ್ಮನವರ ಎದುರು ಮನೆ ಖಾಲಿಯಿತ್ತು. ಅದರ ಮಾಲೀಕ ಶೇಖರಪ್ಪನವರನ್ನು ಕೇಳಿದೆ. ಯಾರಿಗೆ ಎಂದರು. ಹೇಳಿದೆ. “ನೋಡೋಣ” ಎಂದರು. ನಮ್ಮ ಕಸುಬಿನಲ್ಲಿ ಮನೆ ಮಾಲೀಕ ಜಾತಿ ಕೇಳಿ ‘ನೋಡೋಣ’ ಎಂದರೆ ನೋಡುವುದಿಲ್ಲ ಎಂದೇ ಅರ್ಥ. ಆ ಸಂಜೆ ವಿಷಯ ತಿಳಿದ ಸಾವಿತ್ರಮ್ಮ ತಾವೇ ನನ್ನ ಜೊತೆ ಬಂದರು.

“ಸಾರ್, ಜಗಳೂರಾಗೆ ನಮ್ಮ ಮಾವಗೆ ಮನೆ ಕೊಡಾಕೆ ನಾಲ್ಕು ಜನ ಹಿಂಗೇ ನೋಡೋಣ ಅಂದಿದ್ರು. ನಮ್ಮ ಜಾತಿ ಕೇಳಿ. ಐದನೆಯವರು ಕೊಟ್ರು. ನಮ್ಮನೆಯಾಗೆ ಇವತ್ತಿಗೂ ಹೆಸರು ಹೇಳೋದು ಆ ಐದನೆಯವರದ್ದೇ” ಎಂದರು. ದನಿ ಎತ್ತಲಿಲ್ಲ, ಕೈ ಮುಗಿಯಲಿಲ್ಲ, ಪಾಠ ಹೇಳುವ ಹಾಗೆ ಹೇಳಿದರು. ಶೇಖರಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಒಳಗೆ ಹೋಗಿ ಬೀಗದ ಕೈ ತಂದು ನನ್ನ ಕೈಲಿಟ್ಟರು.

ಉಳಿದದ್ದು ಸಾಹುಕಾರರ ಒಪ್ಪಿಗೆ. ಕೆಲಸ ಬಿಟ್ಟ ಮೇಲೆ ಅವರ ಮೆಟ್ಟಿಲು ಹತ್ತಿದವನಲ್ಲ ನಾನು. ಹತ್ತಿದೆ. ನನ್ನನ್ನು ಕಂಡವರೇ, “ಏನಯ್ಯಾ, ನನ್ನ ಹತ್ರಾನೂ ಟಿಕೆಟ್ ಕೇಳಾಕೆ ಬಂದ್ಯೇನು?” ಎಂದರು. ನಾನು ಮೇಡಂ ಕತೆ ಹೇಳಲಿಲ್ಲ. ಸ್ಟ್ಯಾಂಡಿನಲ್ಲಿ ರಾತ್ರಿ ಡೀಸೆಲ್ ಕದಿಯುವವರ ಕಾಟ ಎಷ್ಟೆಂದು ಹೇಳಿದೆ. ಡ್ರೈವರನ ಮನೆಯ ಕಿಟಕಿಯ ಕೆಳಗೇ ಬಸ್ಸು ನಿಂತರೆ ಯಾವ ಕಳ್ಳನೂ ಹತ್ತಿರ ಬರುವುದಿಲ್ಲ ಎಂದೆ. ಅವರು ಗಲ್ಲ ಕೆರೆದುಕೊಂಡರು. “ಆಗ್ಲಿ. ನಿನ್ನ ಬಾಯಿ ಜೋರಾದ್ರೂ ತಲೆ ಐತೆ. ಅವತ್ತು ನಿನ್ನನ್ನ ಬಿಡಿಸಬಾರದಿತ್ತು” ಎಂದರು. ಆ ಒಂದು ಮಾತಿಗೆ ನನ್ನ ಹಳೆಯ ಸಿಟ್ಟೆಲ್ಲ ಕರಗಿಹೋಯಿತು. ಇಷ್ಟು ಅಗ್ಗಕ್ಕೆ ಕರಗಬಾರದಿತ್ತು ಎಂದು ಆಮೇಲೆ ಅನ್ನಿಸಿತು.

ಗದಿಗೆಪ್ಪನವರಿಗೆ ಎಲ್ಲ ಹೇಳಿ, “ರಜೆ ಐತಲ್ಲೋ ಅಂತ ನೀವು ಅಂದಾಗಲೇ ತಿಳ್ಕೋಬೇಕಿತ್ತು” ಎಂದು ಒಪ್ಪಿಕೊಂಡೆ. ಅವರು ಬಹಳ ಹೊತ್ತು ನಕ್ಕರು. “ನಾನು ಅಂದಿದ್ದು ಹುಡುಗರ ಸಲುವಾಗಿ ಅಲ್ಲೋ. ರಜೆಯಾಗೆ ಪಕ್ಕದ ಮನೆ ಮಕ್ಕಳ ಗಲಾಟೆ ಜಾಸ್ತಿ ಇರ್ತೈತೆ, ಅದನ್ನ ನೋಡಿ ಕೊಂಡ ಮನೇನ ಬ್ಯಾಡ ಅನ್ನಬಾರದು ಅಂತ ಅಂದೆ” ಎಂದರು. ಹೀಗೆ ನಾನು ಗುರುವಿನ ಮಾತು ಕೇಳಿದ್ದರೂ ಉಪಯೋಗವಾಗುತ್ತಿರಲಿಲ್ಲ!

ಮುಂದೆ ಎಂಬತ್ತರ ದಶಕದಲ್ಲಿ ಎಲ್ಲ ಬದಲಾಯಿತು. ಬಸ್ಸುಗಳು ಹೆಚ್ಚಾದವು, ಮೇಷ್ಟ್ರುಗಳು ಮೊಪೆಡ್ ಕೊಂಡರು, ಡಬ್ಬಿ ಹಿಡಿದು ನಿಲ್ಲಿಸುವ ನನ್ನ ಪದ್ಧತಿಗೆ ಜನ ನಗತೊಡಗಿದರು. ನಗಲಿ. ಹೊಸಬರಿಗೆ ನಾನು ಹೇಳುವುದಿಷ್ಟೇ. ರಸ್ತೆಯನ್ನು ಭಾನುವಾರ ತೋರಿಸಬೇಡಿ, ರಜೆಯಲ್ಲಿ ತೋರಿಸಬೇಡಿ. ಕೊಳ್ಳುವವರು ದಿನಾ ಹೊರಡುವ ಹೊತ್ತಿಗೇ ಅವರ ಜೊತೆ ಹೋಗಿ ನಿಂತು ನೋಡಿ. ಪಟದಲ್ಲಿ ಬಾಗಿಲು ಕಾಣುತ್ತದೆ, ಬಾಗಿಲಿನಿಂದ ಆಚೆಗಿನದು ಕಾಣುವುದಿಲ್ಲ.

ಈಗ ಆ ದಿನದ ಮಾತು ಹೇಳಿ ಮುಗಿಸುತ್ತೇನೆ. ಇಮಾಮ್ ಸಾಬರ ಸಂಸಾರ ಎದುರು ಮನೆಗೆ ಬಂದ ಮಾರನೆಯ ಬೆಳಿಗ್ಗೆ ನಾನು ಟವೆಲ್ ಇಲ್ಲದೆ ಹುಣಸೆಮರದ ಹತ್ತಿರ ಹೋದೆ. ಬಸ್ಸು ಮರದ ಕೆಳಗೆ ನಿಂತಿತ್ತು. ಇಮಾಮ್ ಸಾಬ್ ತಮ್ಮ ಮನೆಯ ಜಗಲಿಯ ಮೇಲೆ ಬಿಸಿ ರೊಟ್ಟಿ ತಿನ್ನುತ್ತಿದ್ದರು, ಅವರ ಹೆಂಡತಿ ಇನ್ನೊಂದು ತಂದು ತಟ್ಟೆಗೆ ಹಾಕುತ್ತಿದ್ದರು. ಕಿಟಕಿಯೂ ಇಲ್ಲ, ಡಬ್ಬಿಯೂ ಇಲ್ಲ. ಸಾವಿತ್ರಮ್ಮ ಹೊಸ್ತಿಲು ದಾಟಿ ಬಂದು ಖಾಲಿ ಬಸ್ಸು ಹತ್ತಿದರು. ಒಂದು ಸೀಟಿನಲ್ಲಿ ಕೂತರು, ಎದ್ದರು, ಇನ್ನೊಂದರಲ್ಲಿ ಕೂತು ನೋಡಿದರು. ಕೊನೆಗೆ ಮುಂದಿನ ಕಿಟಕಿಯ ಪಕ್ಕ ಕೂತು ನನ್ನ ಕಡೆ ನೋಡಿ, “ಹಾಲಪ್ಪಾರೆ, ಸಂಜೆ ಊಟಕ್ಕೆ ಬರ್ರಿ. ಗೌರಕ್ಕನ್ನೂ ಕರ್ಕೊಂಡು ಬರ್ರಿ” ಎಂದರು.

ಸಂಜೆ ಬಸ್ಸು ಮರದ ಕೆಳಗೆ ಬಂದು ನಿಂತಾಗ ಅದರ ಟಾಪಿನ ಮೇಲೆ ಸೀಮೆಎಣ್ಣೆ ಸ್ಟೋವು, ಪಾತ್ರೆಯ ಚೀಲ, ಎರಡು ಕೊಡ, ಲಟ್ಟಣಿಗೆ. ನ್ಯಾಮತಿಯ ರೂಮು ಖಾಲಿಯಾಗಿತ್ತು. ದೇವೇಂದ್ರ ಏಣಿ ಹತ್ತಿ ಒಂದೊಂದಾಗಿ ಇಳಿಸಿಕೊಟ್ಟ. ಆರೂವರೆಗೆ ಬಂದಿದ್ದ ತಿಪ್ಪೇಸ್ವಾಮಿ ಎರಡೂ ಕೊಡ ಹೊತ್ತುಕೊಂಡು ಒಳಗೆ ಹೋದರು. 

ಅನ್ನ ಆಯಿತು, ಅವರೆಕಾಳಿನ ಸಾರಾಯಿತು. ನಾನು, ಗೌರಮ್ಮ, ತಿಪ್ಪೇಸ್ವಾಮಿ ಸಾಲಾಗಿ ಕೂತೆವು. ಸಾವಿತ್ರಮ್ಮ ಅನ್ನದ ಪಾತ್ರೆಯ ಮುಚ್ಚಳ ತೆಗೆದರು. ಅನ್ನ ಪಾತ್ರೆಯ ಕಂಠದವರೆಗೆ ಉಕ್ಕಿ ನಿಂತಿತ್ತು. ನಾವು ನಾಲ್ವರೂ ಉಂಡೆವು, ಎದುರು ಮನೆಗೆ ಒಂದು ಪಾತ್ರೆ ಹೋಯಿತು, ದೇವೇಂದ್ರ ಬಂದು ಉಂಡ. ಆದರೂ ಉಳಿಯಿತು. ಗೌರಮ್ಮ ನಗುತ್ತ, “ಏನ್ ಸಾವಿತ್ರಮ್ಮಾರೆ, ಇಡೀ ಬಸ್ಸಿಗೇ ಅಡಿಗೆ ಮಾಡಿದ್ರಾ?” ಎಂದಳು.

ಸಾವಿತ್ರಮ್ಮ ಸೌಟು ಹಿಡಿದುಕೊಂಡೇ ನಿಂತರು. 

“ಆರು ವರ್ಷ ಒಬ್ಬಳಿಗೇ ಹಾಕಿದ ಕೈ ನೋಡಕ್ಕ. ಒಂದು ಪಾವು ಅಕ್ಕಿ, ಅಷ್ಟೇ ಗೊತ್ತು. ಇಬ್ರಿಗೆ ಎಷ್ಟು, ನಾಲ್ಕು ಮಂದಿಗೆ ಎಷ್ಟು ಅಂತ ಕೈಗೆ ಗೊತ್ತಾಗ್ಲಿಲ್ಲ.”

ತಿಪ್ಪೇಸ್ವಾಮಿ ತಲೆ ಎತ್ತಿದರು. ನಾನು ಆ ಮನುಷ್ಯನ ಬಾಯಿಂದ ಒಂದು ಪೂರ್ತಿ ಮಾತು ಕೇಳಿದ್ದು ಅವತ್ತೇ.

“ಇರ್ಲಿ ಬಿಡು. ನಾಳೆ ಸರಿ ಹೋಗ್ತೈತೆ” ಎಂದರು.